ಕೆಂಪು ರೊಟ್ಟಿಯ ಭಾನುವಾರಗಳು

ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅಡುಗೆಮನೆಗೂ ಹಿಟ್ಟಿನ ಮಿಲ್ಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಿಲ್ಲು ಓಡುತ್ತಿದ್ದರೆ ಸಾರಿಗೆ ಉಪ್ಪು ಬಿತ್ತೇ ಎಂದು ಕೇಳುವುದಕ್ಕೂ ಕೂಗಬೇಕು. ಮಿಲ್ಲು ನಿಂತ ಮೇಲೂ ಅದೇ ದನಿ ಮುಂದುವರಿಯುತ್ತಿತ್ತು. ಮೊದಲ ಸಲ ಬಂದ ನೆಂಟರು ನಮ್ಮಲ್ಲಿ ಏನೋ ಜಗಳ ನಡೆದಿದೆ ಎಂದುಕೊಂಡು ಊಟ ಮುಗಿಸಿದವರೇ ಹೊರಟುಬಿಡುತ್ತಿದ್ದರು. ಆ ಗೋಡೆಯಲ್ಲಿ ಸರಳು ಹಾಕಿದ ಒಂದು ಚಿಕ್ಕ ಕಿಟಕಿ ಇತ್ತು. ಅಮ್ಮ ಸೌಟಿನಿಂದ ಅದರ ಸರಳಿಗೆ ಒಂದು ಸಲ ಬಡಿದರೆ ಕಾಫಿ, ಎರಡು ಸಲ ಬಡಿದರೆ ಊಟ, ಬಿಡದೆ ಬಡಿದರೆ ಅಪ್ಪ ಏನೋ ತಪ್ಪು ಮಾಡಿದ್ದಾನೆ ಎಂದು ಅರ್ಥ. ಹೊಸಿಲು, ಮಂಚ, ದೇವರ ಪಟ, ಅಪ್ಪನ ಹುಬ್ಬು, ಎಲ್ಲದರ ಮೇಲೂ ಹಿಟ್ಟಿನ ತೆಳು ಪದರ. ನಾನು ಮುಂದೆ ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟೆ. ಕೊನೆಯ ಬೆಂಚಿಗೂ ಮೇಡಮ್ಮಿನ ಪಾಠ ಕೇಳುತ್ತದೆ ಎಂದು ಹುಡುಗರು ಹೇಳುತ್ತಿದ್ದರು. ಅದು ಪಾಠದ ಹೆಚ್ಚುಗಾರಿಕೆಯಲ್ಲ, ನಮ್ಮೂರು ಕೋಣಂದೂರಿನ ಮಿಲ್ಲಿನದು.

ಮಿಲ್ಲಿನಲ್ಲಿದ್ದದ್ದು ಒಂದೇ ಯಂತ್ರ, ಒಂದೇ ಜೊತೆ ಕಲ್ಲು. ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಅದರಲ್ಲಿ ಅಕ್ಕಿ, ರಾಗಿ, ಗೋಧಿ. ಶನಿವಾರ ಊಟವಾದ ಮೇಲೆ ಒಣಮೆಣಸಿನಕಾಯಿ. ಆ ಹೊತ್ತಿಗೆ ನಮ್ಮ ಮನೆಯ ಬೆಕ್ಕು ತಾನಾಗಿಯೇ ಎದ್ದು ಹಿತ್ತಿಲಿಗೆ ಹೋಗುತ್ತಿತ್ತು. ಖಾರದ ಪುಡಿ ಮಾಡಿಸಲು ಬಂದವರು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ ಜಗಲಿಯಲ್ಲಿ ಕೂತಿರುತ್ತಿದ್ದರು. ಮೆಣಸಿನ ಕೆಲಸ ಮುಗಿದ ಮೇಲೆ ಕಲ್ಲಿನ ಸಂದಿಯಲ್ಲಿ ಖಾರ ಉಳಿಯುತ್ತದೆ. ಅದನ್ನು ತೆಗೆಯಲು ಮತ್ತೆ ಏನಾದರೂ ಬೀಸಲೇಬೇಕು. ಯಾರ ಧಾನ್ಯ? ಅಪ್ಪನ ಮಿಲ್ಲಿನಲ್ಲಿ ಅದಕ್ಕೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಮೆಣಸಿನ ಹಿಂದೆ ಬೀಳುವುದು ಯಾವಾಗಲೂ ಮಿಲ್ಲಿನ ಮನೆಯ ಅಕ್ಕಿ. ಎರಡು ಸೇರು ಅಕ್ಕಿ ಸುರಿದು, ನಸುಗೆಂಪಾಗಿ ಇಳಿಯುವ ಹಿಟ್ಟನ್ನು ನಾವೇ ತಿನ್ನಬೇಕು. ಹಾಗಾಗಿ ನಮ್ಮ ಭಾನುವಾರದ ಅಕ್ಕಿರೊಟ್ಟಿ ಕೆಂಪಗೆ ಇರುತ್ತಿತ್ತು, ತುಟಿ ಚುರುಗುಟ್ಟುತ್ತಿತ್ತು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇನ್ನೊಂದು ಡಬ್ಬಿ ಇತ್ತು, ವಾರದ ನಡುವೆ ಬೀಸಿದ ಬಿಳಿ ಹಿಟ್ಟಿನದು. ಅದು ದೇವರಿಗೆ ಮತ್ತು ನೆಂಟರಿಗೆ. ರೊಟ್ಟಿ ಅಂದರೆ ಬಿಳಿಯದು ಎಂದು ನನಗೆ ತಿಳಿದದ್ದು ಬೇರೆಯವರ ಮನೆಯಲ್ಲಿ.

ಊರಿಗೆ ಇದ್ದದ್ದು ಅದೊಂದೇ ಮಿಲ್ಲು. ಬೇರೆ ಬೇಕೆಂದರೆ ಬಸ್ಸು ಹತ್ತಿ ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋಗಬೇಕು. ಹಿಟ್ಟು ಮಾಡಿಸಲು ಯಾರು ಬಸ್ಸು ಹತ್ತುತ್ತಾರೆ? ಆದರೂ ಅಪ್ಪ ವರ್ಷಗಟ್ಟಲೆ ದರ ಏರಿಸಲಿಲ್ಲ. ಅದು ಅವನ ಹೆಮ್ಮೆ.

"ಈ ಶೇಷಪ್ಪ ಒಬ್ನೇ ಮಿಲ್ಲಿನವ ಅಂತ ಯಾರ ತಲೆ ಮೇಲೂ ಕೈ ಇಟ್ಟಿಲ್ಲ," ಎಂದು ಊಟದ ಹೊತ್ತಿಗೆ ಹೇಳುತ್ತಿದ್ದ.

"ಹಾಳೂರಿಗೆ ಉಳಿದವನೇ ಗೌಡ," ಎನ್ನುತ್ತಿದ್ದಳು ಅಮ್ಮ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ.

ದರ ಏರಿಸಿರಲಿಲ್ಲ, ನಿಜ. ಆದರೆ ಮಿಲ್ಲು ತೆರೆಯುತ್ತಿದ್ದದ್ದು ಅಪ್ಪನ ಸ್ನಾನ, ಪೂಜೆ, ಎರಡನೇ ಕಾಫಿ ಆದ ಮೇಲೆ. ನಡುವೆ ಯಾರಾದರೂ ಮಾತಿಗೆ ಸಿಕ್ಕರೆ ಸ್ವಿಚ್ಚು ಆರಿಸುತ್ತಿದ್ದ. ಊಟವಾದ ಮೇಲೆ ಒಂದು ನಿದ್ದೆ. ದೂರದ ಹಳ್ಳಿಗಳಿಂದ ಡಬ್ಬಿ ಹೊತ್ತು ಬಂದ ಹೆಂಗಸರು ಜಗಲಿಯಲ್ಲಿ ಕಾಯುತ್ತಿದ್ದರು. ಡಬ್ಬಿಗಳೂ ಸಾಲಾಗಿ ಕಾಯುತ್ತಿದ್ದವು. ಬೇಗ ಹೋಗಬೇಕಾದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬರ ಕೈಯಲ್ಲಿ ಕಳಲೆ, ಇನ್ನೊಬ್ಬರ ಕೈಯಲ್ಲಿ ಹೀರೇಕಾಯಿ, ಮತ್ತೊಬ್ಬರು ಹಲಸಿನ ಹಪ್ಪಳ. ಅಮ್ಮ ಅದನ್ನು ಒಳಗಿಟ್ಟು ಬರುವಷ್ಟರಲ್ಲಿ ಅವರ ಡಬ್ಬಿ ಎರಡು ಮೂರು ಜಾಗ ಮುಂದೆ ಬಂದಿರುತ್ತಿತ್ತು. ಮುಂದೆ ತಳ್ಳುವ ಕೆಲಸ ನನ್ನದು. ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲಿನಿಂದ ಮೆಲ್ಲಗೆ ನೂಕುತ್ತಿದ್ದೆ, ಆಡುತ್ತ ತಗುಲಿತೇನೋ ಎಂಬಂತೆ. ಬಜಾರಿನಲ್ಲಿ ಸರಕು ಕಡಿಮೆ ಇದ್ದು ದರ ಮಾತ್ರ ಏರದಿದ್ದರೆ, ಆ ಏರದ ದರವನ್ನು ಜನ ಬೇರೆ ರೂಪದಲ್ಲಿ ಕೊಡುತ್ತಾರೆ, ಕಾಯುವುದರಲ್ಲಿ, ಓಲೈಸುವುದರಲ್ಲಿ. ಏಕಸ್ವಾಮ್ಯದ ಪಾಠದಲ್ಲಿ ಇದನ್ನು ನಾನು ಪ್ರತಿವರ್ಷ ಹೇಳಿದ್ದೇನೆ. ಹುಡುಗಿಯಾಗಿದ್ದಾಗ ನನಗೆ ತಿಳಿದದ್ದು ಇಷ್ಟೇ: ಊರಿಗೆ ನಮ್ಮನ್ನು ಕಂಡರೆ ಬಹಳ ಪ್ರೀತಿ.

ಆ ಪ್ರೀತಿಯಲ್ಲಿ ಎಲ್ಲಕ್ಕಿಂತ ಸಿಹಿಯಾದದ್ದು ಪುಟ್ಟಜ್ಜಿಯದು. ಅವಳ ಮನೆ ನಮ್ಮ ಮಿಲ್ಲಿನಿಂದ ಒಂದು ಗದ್ದೆ ಬಯಲು ದಾಟಿದರೆ ಸಿಗುತ್ತಿತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ತಲೆಯ ಮೇಲೆ ಡಬ್ಬಿ, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಪೊಟ್ಟಣದಲ್ಲಿ ನನಗಾಗಿ ಕಟ್ಟಿದ ಅಬ್ಬಲಿಗೆ ಹೂವಿನ ದಂಡೆ. ತಾನೇ ನನ್ನ ತಲೆ ತಿರುಗಿಸಿ ಮುಡಿಸುತ್ತಿದ್ದಳು. ಹಿಟ್ಟಾದ ಮೇಲೆ ಡಬ್ಬಿ ಬೆಚ್ಚಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಅವಳು ಹೊರಡುವ ಮೊದಲು ನನ್ನ ಎರಡೂ ಅಂಗೈ ಹಿಡಿದು ಡಬ್ಬಿಗೆ ಒತ್ತಿಸುತ್ತಿದ್ದಳು. "ಕಾಯ್ಸ್ಕೋ ಮಗಾ, ಪುಕ್ಕಟೆ ಬೆಂಕಿ," ಎನ್ನುತ್ತಿದ್ದಳು. ಅವಳ ಡಬ್ಬಿಯನ್ನು ನಾನು ಎಲ್ಲರಿಗಿಂತ ಮುಂದೆ ನೂಕುತ್ತಿದ್ದೆ.

ನನಗೆ ಹತ್ತೋ ಹನ್ನೊಂದೋ ಇದ್ದಾಗ ನಗರದ ಕಡೆಯಿಂದ ಬಂದ ಮಂಜಪ್ಪ ಎನ್ನುವವರು ಬಸ್‌ಸ್ಟ್ಯಾಂಡಿನ ಆಚೆ ಇನ್ನೊಂದು ಮಿಲ್ಲು ಹಾಕಿದರು. ಅಲ್ಲಿ ಎರಡು ಯಂತ್ರ. ಒಂದು ಹಿಟ್ಟಿಗೆ, ಒಂದು ಬರೀ ಮೆಣಸಿಗೆ. ಹೊರಗೆ ಕಪ್ಪು ಹಲಗೆಯಲ್ಲಿ ಬಿಳಿ ಸುಣ್ಣದ ಅಕ್ಷರದಲ್ಲಿ ದರ, ನಮ್ಮದಕ್ಕಿಂತ ಸೇರಿಗೆ ಐದು ಪೈಸೆ ಕಡಿಮೆ. ನಮ್ಮಲ್ಲಿ ಹಲಗೆಯೇ ಇರಲಿಲ್ಲ. ದರ ಎಲ್ಲರಿಗೂ ಗೊತ್ತಿದ್ದಾಗ ಬರೆಯುವುದೇಕೆ? ಅಪ್ಪ ಒಂದು ವಾರ ನಕ್ಕ, ಎರಡನೇ ವಾರ ಹಲಗೆ ಮಾಡಿಸಿದ. ಆಮೇಲೆ ನಡೆದದ್ದು ಒಂದು ಆಟ. ಅಪ್ಪ ಪೇಪರ್ ತರುವ ನೆವದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಅವರ ಹಲಗೆ ನೋಡಿ ಬರುತ್ತಿದ್ದ. ಮಂಜಪ್ಪ ಬೀಡಿ ಕೊಳ್ಳುವ ನೆವದಲ್ಲಿ ನಮ್ಮ ಬೀದಿಗೆ ಬರುತ್ತಿದ್ದರು. ಇಬ್ಬರೂ ಎದುರಾದರೆ "ಆಯ್ತಾ ತಿಂಡಿ?" ಎಂದು ಕೇಳಿ, ಮನೆಗೆ ಬಂದು ಹಲಗೆ ಒರೆಸುತ್ತಿದ್ದರು. ಕೊನೆಗೆ ದರ ಎಲ್ಲಿಗೆ ಇಳಿಯಿತೆಂದರೆ, ಮಿಲ್ಲು ಓಡಿಸಿದಷ್ಟೂ ಕರೆಂಟಿಗೆ ಕೈಯಿಂದ ಕೊಡಬೇಕು ಎನ್ನುವ ಮಟ್ಟಕ್ಕೆ. ಅಪ್ಪನ ಎರಡನೇ ಕಾಫಿ ನಿಂತಿತು, ಮಧ್ಯಾಹ್ನದ ನಿದ್ದೆಯೂ ನಿಂತಿತು. ಬೆಳಗಾಗುವ ಮೊದಲೇ ಬಾಗಿಲು ತೆರೆದು ಜಗಲಿ ಗುಡಿಸಿ ಕೂರುತ್ತಿದ್ದ. ಅಂಥ ಒಳ್ಳೆಯ ಮಿಲ್ಲು ಆ ಊರಿಗೆ ಹಿಂದೆ ಸಿಕ್ಕಿರಲಿಲ್ಲ. ಜಗಲಿ ಮಾತ್ರ ಖಾಲಿ.

ಕಳಲೆ ಬರುವುದು ನಿಂತಿತು. ಹೀರೇಕಾಯಿ, ಹಪ್ಪಳ, ಒಂದೊಂದೇ ನಿಂತವು. ಅಮ್ಮ ಸಂತೆಯಲ್ಲಿ ತರಕಾರಿ ಕೊಳ್ಳುವುದನ್ನು ನಾನು ನೋಡಿದ್ದು ಆಗಲೇ.

"ಎಷ್ಟು ಬೇಗ ಮರ್ತ್ರು ಜನ!" ಎಂದ ಅಪ್ಪ ಒಂದು ದಿನ.

"ಮರ್ತಿದ್ದಲ್ಲ. ಕಾಯೋದು ತಪ್ತು ಅವ್ರಿಗೆ," ಎಂದಳು ಅಮ್ಮ.

ನಾನು ರೊಟ್ಟಿ ಮುರಿಯುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ಅಮ್ಮ ಹೇಳಿದ್ದು ಲೆಕ್ಕದಷ್ಟು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನನಗೆ ಅಳು ಬಂತು. ಹಾಗಾದರೆ ಕಳಲೆ ತಂದವರಿಗೆ ಬೇಕಿದ್ದದ್ದು ನನ್ನ ಕಾಲು, ಡಬ್ಬಿ ನೂಕುವ ಕಾಲು. ಆದರೆ ಪುಟ್ಟಜ್ಜಿ ಮಾತ್ರ ಸೋಮವಾರ ಬರುತ್ತಲೇ ಇದ್ದಳು, ದಂಡೆಯನ್ನೂ ತರುತ್ತಲೇ ಇದ್ದಳು. ನೂಕಲು ಸಾಲೇ ಇಲ್ಲದ ಮೇಲೆ ದಂಡೆ ಯಾಕೆ? ಅಪ್ಪನನ್ನು ಕೇಳಿದರೆ, "ಅವಳ ಮನೆಗೆ ನಮ್ಮ ಮಿಲ್ಲೇ ಹತ್ರ ಕಣೇ, ಹೂವು ಹಳೇ ರೂಢಿ," ಎಂದ. ಇರಬಹುದು. ಆದರೆ ನನಗೆ ಆ ಉತ್ತರ ಬೇಡವಾಗಿತ್ತು. ಊರಿನಲ್ಲಿ ಒಬ್ಬಳಾದರೂ ನನಗಾಗಿಯೇ ಹೂವು ತರುತ್ತಾಳೆ ಎಂಬುದು ನನಗೆ ಬೇಕಾಗಿತ್ತು. ಪ್ರತಿ ಸೋಮವಾರ ಕಿಟಕಿಯಲ್ಲಿ ನಿಂತು, ಇವತ್ತು ಬರುತ್ತಾಳೋ ಇಲ್ಲವೋ ಎಂದು ಕಾಯತೊಡಗಿದೆ. ಈಗ ಕಾಯುವ ಸರದಿ ನನ್ನದಾಗಿತ್ತು.

ದರ ಇಳಿದ ಮೇಲೆ ಎಲ್ಲಾದರೂ ಉಳಿಸಬೇಕಲ್ಲ. ಅಪ್ಪನ ಕಣ್ಣು ಮೆಣಸಿನ ಹಿಂದೆ ಬೀಳುವ ಎರಡು ಸೇರು ಅಕ್ಕಿಯ ಮೇಲೆ ಬಿತ್ತು. ಅಮ್ಮನಿಗೂ ಅವನಿಗೂ ಆ ದಿನ ನಿಜವಾದ ಜಗಳವೇ ಆಯಿತು. ಮಿಲ್ಲು ನಿಂತಿತ್ತು, ಆದ್ದರಿಂದ ಬೀದಿಗೆಲ್ಲ ಕೇಳಿತು.

"ಮೆಣಸಿನವ್ರೆಲ್ಲ ಮಂಜಪ್ಪನ ಕಡೆ ಹೋದ್ರು. ಬರೋದು ನಾಲ್ಕು ಜನ. ಅದಕ್ಕೆ ಎರಡು ಸೇರು ಯಾಕೆ? ಬ್ರಶ್ ಹಾಕಿ ಉಜ್ಜಿದ್ರೆ ಸಾಕು."

"ಬ್ರಶ್ಶಿಗೆ ಹೋಗುತ್ತಾ ಖಾರ? ಸೋಮವಾರ ಮೊದ್ಲು ಬರೋರ ಹಿಟ್ಟಿಗೆ ಹತ್ತುತ್ತೆ, ಅಷ್ಟೇ. ನಾ ಒಪ್ಪಲ್ಲ."

ಕೊನೆಗೆ ಒಂದು ಸೇರು ಎಂದು ತೀರ್ಮಾನವಾಯಿತು. ಒಂದು ಸೇರಿಗೆ ಎರಡು ಸೇರಿನ ಖಾರ ಹತ್ತಿ ರೊಟ್ಟಿ ಇನ್ನಷ್ಟು ಕೆಂಪಾಯಿತು. ಆ ಹಿಟ್ಟು ಮುಗಿಯುವವರೆಗೆ ನನ್ನ ಶಾಲೆಯ ಡಬ್ಬಿಗೂ ಅದೇ. ಬಿಚ್ಚಿದರೆ ಪಕ್ಕದವರು ಇಣುಕಿ, "ಮಿಲ್ಲಿನ ಕಸ ಗುಡ್ಸಿ ರೊಟ್ಟಿ ತಟ್ತಾರೆ ಇವ್ರ ಮನೇಲಿ," ಎಂದು ನಗುತ್ತಿದ್ದರು. ಅಪ್ಪ ಆ ಅಕ್ಕಿಯನ್ನು ಊರಿನ ಸಲುವಾಗಿ ಸುರಿಯುತ್ತಾನೆ, ನಿಮ್ಮ ಮನೆಯ ರೊಟ್ಟಿ ಬೆಳ್ಳಗಿರುವುದು ನಮ್ಮದು ಕೆಂಪಗಿರುವುದರಿಂದ, ಎಂದು ಈಗಾದರೆ ಹೇಳುತ್ತಿದ್ದೆ. ಆಗ ಡಬ್ಬಿ ಮುಚ್ಚಿಟ್ಟು ಹಸಿದುಕೊಂಡು ಕೂರುತ್ತಿದ್ದೆ.

ಒಂದು ಶನಿವಾರ ಅಪ್ಪ ಯಂತ್ರದ ಬೆಲ್ಟು ತರಲು ತೀರ್ಥಹಳ್ಳಿಗೆ ಹೋಗಿದ್ದ. ಅಮ್ಮ ನಾಲ್ಕು ಜನರ ಮೆಣಸಿನಕಾಯಿ ಬೀಸಿ ಮುಗಿಸಿ, ತಲೆನೋವೆಂದು ಒಳಗೆ ಹೋಗುತ್ತ, "ಸೇರು ಅಕ್ಕಿ ಹಾಕಿ ಆರಿಸ್ಬಿಡು, ಹಿಟ್ಟು ತಂದಿಡು," ಎಂದಳು. ಸ್ವಿಚ್ಚು ಹಾಕುವುದು, ಯಂತ್ರದ ಬಾಯಿಗೆ ಸುರಿಯುವುದು ನನಗೆ ಬರುತ್ತಿತ್ತು. ನಾನು ಯಂತ್ರವನ್ನು ಬರಿದೇ ಓಡಿಸಿದೆ, ಅಮ್ಮನಿಗೆ ಸದ್ದು ಕೇಳಲೆಂದು. ಅವಳು ಮಲಗಿದ ಮೇಲೆ ಸೇರಿನಲ್ಲಿದ್ದ ಅಕ್ಕಿಯನ್ನು ಮತ್ತೆ ಮೂಟೆಗೆ ಸುರಿದೆ. ಮೇಲಿನ ಹಲಗೆಯ ನೆಂಟರ ಡಬ್ಬಿಯಿಂದ ಒಂದು ಸೇರು ಬಿಳಿ ಹಿಟ್ಟು ತೆಗೆದು ನಮ್ಮ ಡಬ್ಬಿಗೆ ಹಾಕಿದೆ. ನಾಲ್ಕೇ ಜನರ ಮೆಣಸು, ಎಷ್ಟು ಖಾರ ಉಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನ ವಾದವನ್ನೇ ನಾನು ಕದ್ದಿದ್ದೆ.

ಭಾನುವಾರ ನಮ್ಮ ಮನೆಯಲ್ಲಿ ಬಿಳಿ ರೊಟ್ಟಿ.

"ನೋಡ್ದ್ಯಾ ಲಲಿತಾ?" ಅಪ್ಪ ಅಮ್ಮನ ಕಡೆ ತಿರುಗಿ ರೊಟ್ಟಿಯನ್ನು ಬೆಳಕಿಗೆ ಹಿಡಿದ. "ಚೂರಾದ್ರೂ ಕೆಂಪಿದ್ಯಾ? ನಾ ಹೇಳ್ಲಿಲ್ವಾ? ಮುಂದಿನ ವಾರದಿಂದ ಅರ್ಧ ಸೇರು ಸಾಕು."

ಅಮ್ಮ ತುಂಡು ಬಾಯಿಗಿಟ್ಟು, "ಆಶ್ಚರ್ಯ," ಎಂದಳಷ್ಟೆ. ನಾನು ಮೂರು ರೊಟ್ಟಿ ತಿಂದೆ. ರುಚಿಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸೋಮವಾರ ಬಾಗಿಲು ತೆರೆಯುವಾಗ ಪುಟ್ಟಜ್ಜಿ ಎಂದಿನಂತೆ ಮೊದಲಿಗಳು. ಬಾಣಂತನಕ್ಕೆ ಬಂದಿದ್ದ ಅವಳ ಮಗಳು ಇನ್ನೂ ತವರಲ್ಲೇ ಇದ್ದಳು. ಮೊಮ್ಮಗನಿಗೆ ಆಗಷ್ಟೇ ರಾಗಿ ಮಣ್ಣಿ ಉಣಿಸಲು ಶುರು ಮಾಡಿದ್ದರು. ಅದಕ್ಕೆಂದು ಅವಳು ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ತಂದಿದ್ದಳು. ಸಣ್ಣ ಡಬ್ಬಿ, ಒಂದು ಸೇರೂ ಇಲ್ಲ. ನಾನು ಕಿಟಕಿಯ ಬಳಿ ದಂಡೆ ಮುಡಿದು ನಿಂತಿದ್ದೆ. ಅಪ್ಪ ರಾಗಿ ಸುರಿದ. ಬಾಯಿಂದ ಮಾತು ಹೊರಡಬೇಕಿದ್ದದ್ದು ಆಗ. ಮಿಲ್ಲಿನ ಸದ್ದಿನಲ್ಲಿ ಕೂಗಬೇಕಿತ್ತು, ನಮ್ಮ ಮನೆಯವರೆಲ್ಲ ಕೂಗಲು ಬಲ್ಲವರೇ. ನಾನು ಕೂಗಲಿಲ್ಲ. ರಾಗಿಯ ಬಣ್ಣದಲ್ಲಿ ಖಾರದ ಬಣ್ಣ ಕಾಣುವುದೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿನ ತುಟಿಯ ಸುತ್ತ ಕೆಂಪಾಗಿತ್ತು. ಅತ್ತು ಅತ್ತು ದನಿ ಬಿದ್ದಿತ್ತು. ಪುಟ್ಟಜ್ಜಿ ಬೈಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅಮ್ಮನ ಮುಂದೆ ಹಿಡಿದಳು.

"ಒಂಚೂರು ನಾಲಿಗೆ ಮೇಲಿಟ್ಟು ನೋಡಿ ಲಲಿತಮ್ಮ. ನಿನ್ನೆಯಿಂದ ಮಗು ಚಮಚ ಕಂಡ್ರೇ ಚೀರುತ್ತೆ."

ಅಮ್ಮ ನೋಡಿದಳು. ಅಪ್ಪನೂ ನೋಡಿದ. ಅವನು ಮಿಲ್ಲಿನಿಂದ ಇಳಿದು ಬಂದು, ಜಗಲಿಯಲ್ಲಿ ಇದ್ದ ಇನ್ನಿಬ್ಬರು ಗಿರಾಕಿಗಳ ಎದುರಿಗೇ ಕೈ ಮುಗಿದ.

"ತಪ್ಪು ನಂದು ಪುಟ್ಟಮ್ಮ. ಕಲ್ಲು ತೊಳೆಯೋ ಅಕ್ಕಿ ಕಮ್ಮಿ ಮಾಡಿದ್ದು ನಾನೇ. ಹೊಸ ರಾಗಿ ಕೊಡ್ತೀನಿ, ಎರಡು ಸೇರು ಅಕ್ಕಿ ಹಾಕಿ ತೊಳ್ದು ಬೀಸಿಕೊಡ್ತೀನಿ."

"ರಾಗಿ ಮನೇಲಿದೆ ಅಯ್ಯಾ," ಎಂದಳು ಪುಟ್ಟಜ್ಜಿ. ಮಗುವಿನ ಬಾಯಿ ಸೆರಗಿನಿಂದ ಒರೆಸಿ ಹೊರಟುಹೋದಳು.

ಸಂಜೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ನೆಂಟರ ಡಬ್ಬಿ ಕೆಳಗಿತ್ತು, ಮುಚ್ಚಳ ತೆಗೆದಿತ್ತು.

"ಎಷ್ಟು ತೆಗ್ದೆ?"

"ಒಂದು ಸೇರು."

ಅವಳು ಹೊಡೆಯಲಿಲ್ಲ. ಮೊದಲ ಸಲ ನಮ್ಮ ಮನೆಯಲ್ಲಿ ಯಾರೋ ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ಇದನ್ನ ಯಾರಿಗೂ ಹೇಳ್ಬೇಡ. ಅಪ್ಪ ಜನರ ಎದುರಿಗೆ ತನ್ನ ತಪ್ಪು ಅಂತ ಒಪ್ಕೊಂಡಾಗಿದೆ. ಈಗ ನೀನು ಬಾಯಿ ಬಿಟ್ರೆ, ಮಗಳ ಬೆನ್ನ ಹಿಂದೆ ಅಡಗಿದ ಅಂತಾರೆ."

ಮುಂದಿನ ಸೋಮವಾರ ಪುಟ್ಟಜ್ಜಿ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಅಷ್ಟರಲ್ಲಿ ಎರಡು ಮಿಲ್ಲುಗಳ ಆಟವೂ ಮುಗಿಯಿತು. ಮಿಲ್ಲಿನ ಕಲ್ಲು ಸವೆದರೆ ಉಳಿಯಿಂದ ಮತ್ತೆ ಕೊರೆಯಬೇಕು. ಆ ಕೆಲಸದವನು ಸಾಗರದಿಂದ ಬರುತ್ತಿದ್ದ, ಇಬ್ಬರಿಗೂ ಅವನೊಬ್ಬನೇ. ನಮ್ಮ ಕಲ್ಲಿನ ಮುಂದೆ ಕೂತು ಕುಟ್ಟುತ್ತ, "ಮಂಜಪ್ಪನೋರಿಗೂ ಸಾಕಾಗಿದೆಯಂತೆ," ಎಂದ. ಅಪ್ಪ ಅವನಿಗೆ ಇನ್ನೊಂದು ಲೋಟ ಕಾಫಿ ಹಾಕಿಸಿದ. ಮರುದಿನ ಅವನು ಅಲ್ಲಿನ ಕಲ್ಲಿನ ಮುಂದೆ ಕೂತು ಏನೆಂದನೋ, ಆ ವಾರವೇ ಎರಡೂ ಹಲಗೆಯಲ್ಲಿ ಒಂದೇ ಅಂಕಿ ಬಂತು. ಹಳೆಯ ದರಕ್ಕಿಂತ ಐದು ಪೈಸೆ ಹೆಚ್ಚು. ಅಪ್ಪನೂ ಮಂಜಪ್ಪನೂ ಒಂದು ದಿನವೂ ಕೂತು ಮಾತಾಡಿದವರಲ್ಲ. ಮಾರುವವರು ಇಬ್ಬರೇ ಇದ್ದಾಗ ಹೀಗಾಗುವುದುಂಟು ಎಂದು ಮುಂದೆ ಪುಸ್ತಕದಲ್ಲಿ ಓದಿದಾಗ, ಬರೆದವರು ನಮ್ಮ ಜಗಲಿಯಲ್ಲಿ ಕೂತಿದ್ದರೇ ಎನಿಸಿತ್ತು. ಅಪ್ಪನಿಗೆ ಎರಡನೇ ಕಾಫಿ ಮರಳಿ ಸಿಕ್ಕಿತು. ಮೆಣಸಿನ ಹಿಂದೆ ಎರಡು ಸೇರು ಅಕ್ಕಿಯೂ ಮರಳಿತು. ಸುರಿಯುವಾಗ ಅಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದಳು.

"ದರ ಒಂದೇ ಆಯ್ತಲ್ಲ, ಇನ್ನು ಹತ್ರದವ್ರು ಹತ್ರಕ್ಕೇ ಬರ್ತಾರೆ. ಪುಟ್ಟಮ್ಮನೂ ಬರ್ತಾಳೆ, ನೋಡು," ಎಂದ ಅಪ್ಪ. ಮುಂದೆ ತರಗತಿಯಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ದರ ಸಮವಿದ್ದರೆ ಗಿರಾಕಿ ಕಡಿಮೆ ನಡೆಯುವ ಕಡೆಗೆ ಹೋಗುತ್ತಾನೆ.

ಸೋಮವಾರ ನಾನು ಜಗಲಿಯಲ್ಲಿ ಕೂತಿದ್ದೆ. ಪುಟ್ಟಜ್ಜಿ ಗದ್ದೆ ಬಯಲು ದಾಟಿ ಬಂದಳು. ತಲೆಯ ಮೇಲೆ ಡಬ್ಬಿ. ನಮ್ಮ ಮಿಲ್ಲಿನ ಎದುರಿಗೇ ಹಾದು, ತಲೆ ತಿರುಗಿಸದೆ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಒಳಗೆ ಅಪ್ಪ ಅದನ್ನು ನೋಡಿ ಸ್ವಿಚ್ಚು ಹಾಕಿದ, ಬೀಸಲು ಏನೂ ಇರಲಿಲ್ಲ. ನಾನು ಅಲ್ಲೇ ಕೂತೆ. ಶಾಲೆಗೆ ಹೊತ್ತಾಗುತ್ತಿತ್ತು, ಆದರೂ ಕೂತೆ. ನನಗೆ ಉತ್ತರ ಸಿಕ್ಕಿತು ಎಂದುಕೊಂಡೆ: ಡಬ್ಬಿ ಇಲ್ಲದಿದ್ದರೆ ದಂಡೆಯೂ ಇಲ್ಲ. ಒಂದು ತಾಸಾಗಿರಬೇಕು. ಅವಳು ಹಿಂದಿರುಗಿ ಬಂದವಳು ನಮ್ಮ ಜಗಲಿಯ ಮುಂದೆ ನಿಂತಳು. ಡಬ್ಬಿಯನ್ನು ಇಳಿಸಿ ನನ್ನ ಪಕ್ಕ ಇಟ್ಟಳು. ಸೊಂಟದಿಂದ ಬಾಳೆಲೆಯ ಪೊಟ್ಟಣ ತೆಗೆದಳು.

"ಹೋಗೋವಾಗ್ಲೇ ನೀ ಕಂಡೆ. ಕೊಡೋಕೆ ನಿಂತ್ರೆ ನಿಮ್ಮಪ್ಪ ಡಬ್ಬಿ ಕೇಳ್ತಿದ್ರು, ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ತಿರ್ಲಿಲ್ಲ. ತಲೆ ಆಚೆ ತಿರುಗ್ಸು."

ನಾನು ತಿರುಗಿಸಲಿಲ್ಲ.

"ಅಜ್ಜಿ, ಅವತ್ತು ಅಕ್ಕಿ ಹಾಕ್ದೇ ಇದ್ದಿದ್ದು ಅಪ್ಪ ಅಲ್ಲ. ನಾನು."

ಮಿಲ್ಲು ಬರಿದೇ ಓಡುತ್ತಿತ್ತು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೂಗಿ ಹೇಳಿದೆ. ಅಮ್ಮನ ಸೌಟಿನ ಸದ್ದು ಒಳಗೆ ನಿಂತುಹೋಯಿತು. ಪುಟ್ಟಜ್ಜಿ ತಾನೇ ನನ್ನ ಗಲ್ಲ ಹಿಡಿದು ತಲೆ ಆಚೆ ತಿರುಗಿಸಿದಳು. ದಂಡೆ ಮುಡಿಸುವಾಗ ಅವಳ ಕೈ ಎಂದಿಗಿಂತ ಒರಟಾಗಿತ್ತು, ಕೂದಲು ಎಳೆದಂತಾಯಿತು.

"ಮುಂದಿನ ವಾರಾನೂ ಕೂತಿರು, ತರ್ತೀನಿ," ಎಂದಳು. "ಡಬ್ಬಿ ಮಾತ್ರ ಇನ್ನು ಅಲ್ಲಿಗೇ ಮಗಾ. ಮಗು ತಿನ್ನೋದಲ್ವಾ."

ಅವಳು ಡಬ್ಬಿ ಹೊರಲು ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತಿದ್ದಾಗ ನಾನು ಡಬ್ಬಿಯ ಮೇಲೆ ಅಂಗೈ ಇಟ್ಟೆ. ಇನ್ನೂ ಬೆಚ್ಚಗಿತ್ತು.